ಹೂವಿನ ಗಂಡು ತೆಗೆದ ಕೈ

ಅವ್ವೀ, ಅಪ್ಪೀ,

ಶಾಲೆಯಲ್ಲಿ ನಿಮಗಿರುವ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯಲು ನನ್ನ ಕೈ ಯಾವಾಗಲೂ ಹಿಂಜರಿಯುತ್ತದೆ. ರೇಷನ್ ಕಾರ್ಡಿನ ಕಚೇರಿಯಲ್ಲಿ ನಿಮ್ಮ ಅಜ್ಜನ ಹೆಸರು ಕೇಳಿದಾಗ ಪಕ್ಕದವಳಿಂದ ಹೇಳಿಸಿದವಳು ನಾನು. ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ತಪ್ಪುಗಳಿದ್ದರೆ ಅವ್ವಿ ತಿದ್ದಿಕೊಳ್ಳಲಿ.

ಅವ್ವೀ, ಹೋದ ಸೂಟಿಯಲ್ಲಿ ನೀನು ನನ್ನನ್ನು ಒಂದು ಮಾತು ಕೇಳಿದ್ದೆ. "ಆಯಿ, ಡಬ್ಬಿ ಮುಚ್ಚೂವಾಗ ನೀ ಯಾಕ ಹಿಂದ ತಿರುಗಿ ನೋಡ್ತಿ? ಯಾರದಾರ ಅಲ್ಲೆ?" ಬೆಕ್ಕು ಬಂದಿತ್ತು ಎಂದೆ. ಬೆಕ್ಕು ಬಂದಿರಲಿಲ್ಲ. ಅಲ್ಲಿ ನಿಮ್ಮ ಸೋದರಮಾವ ನಿಂತಿರುತ್ತಾನೆ. ನಿಮ್ಮ ಅವ್ವನಿಗಿಂತ ಮೊದಲು ನಾನು ಹೆತ್ತ ಮಗ. ಅವನು ಏಳು ವರ್ಷ ಬದುಕಿದ್ದ. ಡಬ್ಬಿಯ ಮುಚ್ಚಳದ ಸಪ್ಪಳವಾದರೆ ಎಲ್ಲಿದ್ದರೂ ಬಂದು ನನ್ನ ಸೆರಗು ಹಿಡಿಯುತ್ತಿದ್ದ. ಹಾಡುಹಗಲಿನಲ್ಲಿ, ಒಲೆ ಉರಿಯುತ್ತಿರುವಾಗ, ಈಗಲೂ ಸೆರಗು ಜಗ್ಗಿದ ಹಾಗಾಗುತ್ತದೆ. ತಿರುಗಿ ನೋಡದೆ ಇರಲು ನನ್ನಿಂದ ಆಗುವುದಿಲ್ಲ.

ಅವನ ಕಥೆ ಹೇಳಬೇಕೆಂದರೆ ಮೊದಲು ಹತ್ತಿಯ ಮಾತು ಹೇಳಬೇಕು.

ನನ್ನ ತವರು ಸವಣೂರು ತಾಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿನ ಹತ್ತಿರ. ಅಲ್ಲಿ ಹತ್ತಿ ಬಿತ್ತುತ್ತಿದ್ದೆವು, ಬಿಡಿಸುತ್ತಿದ್ದೆವು, ಅಷ್ಟೇ. ಲಗ್ನವಾಗಿ ಹೋದದ್ದು ಹಿರೇಕೆರೂರು ಕಡೆಯ ಹಳ್ಳಿಗೆ. ಅಲ್ಲಿ ಬೀಜದ ಕಂಪನಿಯವರಿಗಾಗಿ ಹತ್ತಿ ಬೆಳೆಯುತ್ತಿದ್ದರು. ಹೊಲದಲ್ಲಿ ಒಂದು ಕಡೆ ಹೆಣ್ಣು ಸಾಲು, ಒಂದು ಕಡೆ ಗಂಡು ಸಾಲು. ಹತ್ತಿಯ ಒಂದೊಂದು ಹೂವಿನಲ್ಲೂ ಗಂಡು, ಹೆಣ್ಣು ಎರಡೂ ಇರುತ್ತವೆ. ಕಂಪನಿಗೆ ಬೇಕಾದ ಬೀಜ ಕಟ್ಟಬೇಕೆಂದರೆ ಹೆಣ್ಣು ಸಾಲಿನ ಹೂವಿನೊಳಗಿನ ಗಂಡನ್ನು ತೆಗೆದುಹಾಕಬೇಕು. ಹೊತ್ತು ಇಳಿಯುವಾಗ, ಮರುದಿನ ಅರಳುವ ಮೊಗ್ಗನ್ನು ಹುಡುಕಿ, ಬುಡದಲ್ಲಿ ಹೆಬ್ಬೆರಳಿನ ಉಗುರಿನಿಂದ ಸುತ್ತ ಗೀರಿ, ಪಕಳೆಯ ಸಮೇತ ಗಂಡಿನ ಪುಡಿ ಇರುವ ಕೊಳವೆಯನ್ನು ಎಳೆಯುತ್ತಿದ್ದೆವು. ನಡುವೆ ಹೆಣ್ಣಿನ ಕಡ್ಡಿಯೊಂದೇ ಬರಿಮೈಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಕೆಂಪು ಕಾಗದದ ಚೀಲ ತೊಡಿಸಿ ಬರುವುದು. ಬೆಳಿಗ್ಗೆ ಗಂಡು ಸಾಲಿನ ಹೂ ಹರಿದು ತಂದು ಆ ಕಡ್ಡಿಗೆ ತೀಡಿ, ತೊಟ್ಟಿಗೆ ದಾರ ಕಟ್ಟುವುದು. ಕಂಪನಿಯವರು ಒಟ್ಟು ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಿದ್ದರು. ಸಂಜೆಯ ಕೆಲಸಕ್ಕೆ ಹೆಂಗಸರು ತಮ್ಮದೇ ಹೆಸರಿಟ್ಟಿದ್ದರು. ಗಂಡು ತೆಗೆಯುವುದು.

ನನ್ನ ಕೈ ಬಲು ಚುರುಕಾಗಿತ್ತು. ಮಾತಿನಲ್ಲಿ ನಾನು ಹಿಂದೆ, ಕೆಲಸದಲ್ಲಿ ಮುಂದೆ. ಸಾಲಿನಲ್ಲಿ ಹೋಗುತ್ತಿದ್ದ ಹೆಂಗಸರು ನನ್ನನ್ನು ಕಾಡುತ್ತಿದ್ದರು.

"ಈಕಿ ಉಗುರು ನೋಡ್ರೆ, ಬ್ಲೇಡ್ ಆಗೇತಿ. ಯಜಮಾನ್ರು ಅಂಜಿ ದೂರ ಮಲಗ್ತಿರಬೇಕು."

"ದೂರ ಮಲಗಿದ್ರ ಹೊಟ್ಟಿ ಹೆಂಗ ಮುಂದ ಬಂತ? ಐದು ತಿಂಗಳಾತು!"

"ಹಂಗಾರ ಮೆಲ್ಲಕ ತಗಿಯವ್ವಾ. ಹೊಟ್ಟ್ಯಾಗ ಗಂಡಿದ್ರ ಅದೂ ಅಂಜೀತು."

ಎಲ್ಲರೂ ನಕ್ಕರು. ನಾನೂ ಸೆರಗಿನೊಳಗೆ ನಕ್ಕೆ. ಆ ನಗೆಯನ್ನು ಮುಂದೆ ಬಹಳ ವರ್ಷ ನೆನೆಸಿಕೊಂಡಿದ್ದೇನೆ.

ಮಗ ಹುಟ್ಟಿದಾಗ ಅಳಲಿಲ್ಲ. ಕೈಯಲ್ಲಿ ಎತ್ತಿಕೊಂಡರೆ ತೊಯ್ದ ಅರಿವೆಯ ಹಾಗೆ ಜೋತುಬೀಳುತ್ತಿದ್ದ. ಮೊಲೆ ಬಾಯಿಗಿಟ್ಟರೆ ಚೀಪುವ ಶಕ್ತಿ ಇರಲಿಲ್ಲ. ಎದೆ ತುಂಬಿ ನನಗೆ ಜ್ವರ ಬಂತು, ಅವನ ಹೊಟ್ಟೆ ಮಾತ್ರ ಖಾಲಿ. ನಮ್ಮ ಅತ್ತೆ, ಎಂದರೆ ನಿಮ್ಮ ಅಜ್ಜನ ತಾಯಿ, ಹತ್ತಿಯ ಬತ್ತಿ ಹೊಸೆದು ಹಾಲಿನಲ್ಲಿ ಅದ್ದಿ ಅವನ ನಾಲಿಗೆಯ ಮೇಲೆ ಹನಿ ಹನಿ ಹಿಂಡಿದರು. ಎರಡು ತಿಂಗಳು ಹಾಗೆ ಮಾಡಿದರು. ಅವನನ್ನು ಉಳಿಸಿದವರು ಅವರು. ಇದನ್ನು ಮೊದಲು ಬರೆಯಬೇಕು, ಏಕೆಂದರೆ ಅವರ ಬೇರೆ ಮಾತುಗಳೂ ಮುಂದೆ ಬರುತ್ತವೆ.

ಗಂಡು ಕೂಸಿಗೆ ಇರಬೇಕಾದದ್ದು ಅವನಿಗೆ ಸರಿಯಾಗಿ ಇಳಿದಿರಲಿಲ್ಲ. ಎಣ್ಣೆ ಹಚ್ಚಿ ಎರೆಯುವಾಗ ಅತ್ತೆ ಅದನ್ನು ನೋಡಿದರು. ಕೇಳಿದರು:

"ಬಸರಿದ್ದಾಗ ಎಷ್ಟು ಹೂವಿನ ಗಂಡು ಕಿತ್ತೀಯವ್ವಾ?"

ದಿನಕ್ಕೆ ನೂರಾರು.

"ಅವೂ ಯಾರದರ ಮಕ್ಕಳs ಅಲ್ಲೇನು," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ನೀರು ಹಾಕುತ್ತಲೇ ಹೇಳಿದರು. ಅದಕ್ಕೇ ಅದು ನನ್ನ ಒಳಗೆ ಹೋಗಿ ಕುಳಿತಿತು. ಹೊಲದಲ್ಲಿ ಚೇಷ್ಟೆ ಮಾಡಿದ್ದ ಹೆಂಗಸರು ಕೂಸನ್ನು ನೋಡಲು ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ.

ಮೂರನೆಯ ವರ್ಷದ ತನಕ ಅವನಿಗೆ ಉಣಿಸುವುದೇ ಕಷ್ಟ. ಆಮೇಲೆ ಹಸಿವು ಬಂತು. ಬಂದದ್ದು ಮತ್ತೆ ಹೋಗಲಿಲ್ಲ. ಐದು ರೊಟ್ಟಿ ತಿಂದು ಆರನೆಯದಕ್ಕೆ ಅಳುತ್ತಿದ್ದ. ನಾದಿಟ್ಟ ಹಿಟ್ಟು ತಿಂದ. ಎಮ್ಮೆಗೆ ನೆನೆಯಿಟ್ಟ ಹಿಂಡಿ ತಿಂದ. ತವರಿನಿಂದ ನನ್ನ ಅಪ್ಪ ಕುರುಕಲು ತಿಂಡಿ ಸವಣೂರ ಖಾರದ ಪೊಟ್ಟಣ ತಂದರೆ ಕಾಗದದ ಸಮೇತ ಅಗಿದ. ಮೈ ಊದಿಕೊಂಡಿತು, ಕೈಕಾಲು ಮಾತ್ರ ಸಣ್ಣವು. ಓಡಲು ಆಗುತ್ತಿರಲಿಲ್ಲ, ಮಾತು ತೊದಲು. ಅಡುಗೆಮನೆಗೆ ಬೀಗ ಹಾಕಿದೆವು. ಬೀಗದ ಕೈ ನನ್ನ ಸೊಂಟದಲ್ಲಿ. ಬಾಗಿಲ ಮುಂದೆ ಕುಳಿತು ಬೀಗವನ್ನು ಮೂಸುತ್ತಿದ್ದ. ನಾನು ಹೊಡೆದಿದ್ದೇನೆ. ಬರಿಗೈಯಿಂದ ಹೊಡೆದಿದ್ದೇನೆ, ಒಲೆ ಊದುವ ಕೊಳವೆಯಿಂದಲೂ ಹೊಡೆದಿದ್ದೇನೆ. "ಹೊಟ್ಟಿ ಐತೋ ಜ್ವಾಳದ ಹಗೇವು ಐತೋ ನಿಂದು?" ಎಂದು ಬೈದಿದ್ದೇನೆ. ಹೊಡೆದರೆ ಅವನು ಹೆಚ್ಚು ಅಳುತ್ತಿರಲಿಲ್ಲ. ನೋವು ಅವನಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ. ಅದು ಅವನ ಹಟವೆಂದು ತಿಳಿದು ಇನ್ನೊಂದು ಕೊಡುತ್ತಿದ್ದೆ.

ಒಮ್ಮೆ ತಾಲೂಕಿನ ಡಾಕ್ಟರಿಗೆ ತೋರಿಸಿದೆವು. ಅತ್ತೆ ಮಾತಾಡಿದರು, ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಡಾಕ್ಟರು ನಕ್ಕರು. "ಮಗ ಉಣ್ಣಾಕತ್ತಾನ ಅಂತ ಅಳೋ ಮನಿ ಇದs ಮೊದಲನೇದು ನೋಡಿದ್ದು," ಎಂದರು. ಹುಟ್ಟಿದಾಗ ಚೀಪುತ್ತಿರಲಿಲ್ಲ ಎಂಬ ಮಾತು ನನ್ನ ಗಂಟಲಿನ ತನಕ ಬಂತು. ಹೇಳಲಿಲ್ಲ. ಗಂಡಸರ ಮುಂದೆ, ಅದರಲ್ಲೂ ಡಾಕ್ಟರ ಮುಂದೆ, ನನಗೆ ದನಿ ಬರುತ್ತಿರಲಿಲ್ಲ. ಹೇಳಿದ್ದರೆ ಅವರಿಗೆ ಏನಾದರೂ ತಿಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಹೇಳಲಿಲ್ಲ.

ಸೀಗಿ ಹುಣ್ಣಿಮೆ ನಿಮಗೆ ಗೊತ್ತು. ಪೈರು ತುಂಬಿಕೊಂಡ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಹೊಲದ ಸುತ್ತ ಚರಗವೆಂದು ಅಡುಗೆಯ ತುತ್ತು ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ನಮ್ಮ ಅತ್ತೆಯ ಮನೆಯಲ್ಲಿ ಇನ್ನೊಂದು ರೂಢಿ ಇತ್ತು. ಅವತ್ತು ಹೊಲದಲ್ಲಿ ಬುಟ್ಟಿಗೆ ಮುಚ್ಚಳ ಹಾಕುವಂತಿಲ್ಲ, ಉಣ್ಣುವವರಿಗೆ ಯಾರೂ 'ಸಾಕು' ಎನ್ನುವಂತಿಲ್ಲ. ಬಸುರಿಯ ಊಟಕ್ಕೆ ಅಡ್ಡ ಮಾತು ಬರಬಾರದು ಎಂದು.

ಅವನಿಗೆ ಏಳು ತುಂಬಿದ ವರ್ಷ, ಅತ್ತೆ ಬುಟ್ಟಿ ಇಳಿಸುತ್ತ ಹೇಳಿದರು: "ಇವತ್ತೊಂದ್ ದಿನ ಅವಗ ಸಾಕು ಅನಬ್ಯಾಡ. ಅವನ ಹಸಿವು ಹೂವಿನ ಸಾಪ ಐತಿ. ಹೊಲದಾಗ, ತಾಯಿ ಮುಂದ, ಒಮ್ಮೆ ತುಂಬಿತಂದ್ರ ಇಳದು ಹೋಗತೈತಿ."

ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲು ಬರುವುದಿಲ್ಲ. ನಾಲ್ಕು ವರ್ಷ ಆ ಮಗುವಿನ ಕೈಯಿಂದ ರೊಟ್ಟಿ ಕಸಿದವಳು ನಾನು. ಅವತ್ತು ನನ್ನ ಕೈಯಾರೆ ಬಡಿಸಿದೆ. ಕಡಬು, ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಬುತ್ತಿ. ಅವನು ನನ್ನ ಮುಖ ನೋಡುತ್ತ ತಿಂದ, ಇನ್ನೇನು ಕಸಿಯುತ್ತಾಳೆ ಎನ್ನುವ ಹಾಗೆ. ಕಸಿಯಲಿಲ್ಲ. ಆಮೇಲೆ ನಕ್ಕ.

"ಅವ್ವಾ, ಇನ್ನೂ ಐತೇನ?"

"ಐತಪ್ಪಾ."

"ಇನ್ನೂ?"

"ಬೇಕಾದಷ್ಟ ಐತಿ, ನನ್ನಪ್ಪಾ. ಉಣ್ಣು."

ಹೊತ್ತು ಮುಳುಗುವಾಗ ಅವನ ಹೊಟ್ಟೆ ಕಲ್ಲಿನ ಹಾಗಾಗಿತ್ತು. ವಾಂತಿಯಾಗಲಿಲ್ಲ. ಅಳಲಿಲ್ಲ. ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಹಿರೇಕೆರೂರಿಗೆ ಕರೆದುಕೊಂಡು ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲೇ ನನ್ನ ತೊಡೆಯ ಮೇಲೆ ಹೋಗಿಬಿಟ್ಟ.

ಅತ್ತೆ ಆ ಮೇಲೆ ಹೆಚ್ಚು ದಿನ ಇರಲಿಲ್ಲ. ನಿಮ್ಮ ಅಜ್ಜ ಅಲ್ಲಿಯ ಹೊಲ ಬಿಟ್ಟು ಹಾನಗಲ್ಲ ಕಡೆ ಲಾವಣಿಗೆ, ಎಂದರೆ ಗೇಣಿಗೆ, ಹೊಲ ಹಿಡಿದರು. ಗಾಡಿಗೆ ಸಾಮಾನು ಹೇರುವಾಗ ನನಗೆ ಒಂದೇ ಮಾತು ಹೇಳಿದರು. "ಅದನ್ನ ಇಲ್ಲೇ ಬಿಟ್ಟು ನಡಿ." ಹೊಸ ಊರಿನಲ್ಲಿ ಕೇಳಿದವರಿಗೆ ಮೊದಲನೆಯ ಕೂಸು ಜ್ವರದಲ್ಲಿ ಹೋಯಿತು ಎಂದೆವು. ಮುಂದಿನ ವರ್ಷ ನಿಮ್ಮ ಅವ್ವ ಹುಟ್ಟಿದಳು. ಆ ಬಸುರಿನಲ್ಲಿ ನಾನು ಒಂದು ಹೂವನ್ನೂ ಮುಟ್ಟಲಿಲ್ಲ, ದೇವರಿಗೆ ಕೂಡ ಕೊಯ್ಯಲಿಲ್ಲ. ಅವಳು ಹುಟ್ಟಿದ ಕೂಡಲೇ ಓಣಿ ಕೇಳುವ ಹಾಗೆ ಅತ್ತಳು. ನನಗೆ ಖಾತ್ರಿಯಾಯಿತು. ತಪ್ಪು ಹೂವಿನದೇ, ಎಂದರೆ ನನ್ನದೇ. ಅವಳಿಗೂ ಅದೇ ಜ್ವರದ ಮಾತು ಹೇಳಿ ಬೆಳೆಸಿದೆ.

ಇನ್ನು ನಿಮ್ಮ ಕಾಲಕ್ಕೆ ಬರುತ್ತೇನೆ.

ಅಪ್ಪೀ, ನೀನು ಹೊಟ್ಟೆಯಲ್ಲಿದ್ದಾಗ ನಾನು ಶಿಗ್ಗಾಂವಿಗೆ ನಿಮ್ಮ ಮನೆಗೆ ಬಂದು ಉಳಿದಿದ್ದೆ. ನಿಮ್ಮ ಅಜ್ಜ ತೀರಿ ಎರಡು ವರ್ಷವಾಗಿತ್ತು. ಐದು ತಿಂಗಳು ಕಳೆದರೂ ನಿಮ್ಮ ಅವ್ವನಿಗೆ ಕೂಸು ಮಿಸುಕಿದ್ದು ಸರಿಯಾಗಿ ತಿಳಿಯುತ್ತಿರಲಿಲ್ಲ. "ಅವ್ವಿ ಇದ್ದಾಗ ಹಿಂಗಿರಲಿಲ್ಲವ್ವಾ. ಒದ್ದ ಒದೀತಿದ್ಲು. ಇದು ಸುಮ್ಮನ ಕುಂತೈತಿ," ಎನ್ನುತ್ತಿದ್ದಳು. ಸ್ಕ್ಯಾನಿಂಗ್ ಮಾಡಿದವರು ಹೊಟ್ಟೆಯಲ್ಲಿ ನೀರು ಹೆಚ್ಚಾಗಿದೆ, ಕೂಸು ಸ್ವಲ್ಪ ಸಪ್ಪಗಿದೆ, ಹುಬ್ಬಳ್ಳಿಗೆ ಹೋಗಿ ಎಂದು ಬರೆದುಕೊಟ್ಟರು.

ಒಂದು ಶುಕ್ರವಾರ ಹೋದೆವು. ನಿಮ್ಮ ಅಪ್ಪನಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ. ಹುಟ್ಟುವ ಮೊದಲೇ ಕೂಸಿನ ರೋಗ ನೋಡುವ ಡಾಕ್ಟರು. ಹೆಣ್ಣುಮಗಳು, ನಿಮ್ಮ ಅವ್ವನಿಗಿಂತ ಚಿಕ್ಕವಳಿರಬೇಕು, ನಮ್ಮ ಹಾಗೆಯೇ ಮಾತಾಡುತ್ತಿದ್ದಳು. ಒಂದು ಹಾಳೆ ಮುಂದಿಟ್ಟುಕೊಂಡು ಎರಡೂ ಮನೆತನದ ಮಾತು ಕೇಳುತ್ತ ಹೋದಳು.

"ನಿಮ್ಮ ತವರಮನ್ಯಾಗ ಯಾವದರ ಕೂಸು ಹುಟ್ಟತಲೇ ಭಾಳ ಮೆತ್ತಗ, ಹಾಲು ಚೀಪಾಕ ಆಗಲಾರದ್ದು, ಹಂಗ ಇತ್ತೇನ್ರಿ?"

"ಇಲ್ರಿ," ಎಂದಳು ನಿಮ್ಮ ಅವ್ವ. "ನಮ್ಮ ಅವ್ವಗ ಒಂದು ಕೂಸು ಹೋಗಿತ್ತಂತ್ರಿ. ಜ್ವರ ಬಂದು."

ಡಾಕ್ಟರು ನನ್ನ ಕಡೆ ನೋಡಿದಳು. "ಹೌದೇನವ್ವಾ? ಬರೇ ಜ್ವರ ಏನು?"

ನಾನು ಸೆರಗನ್ನು ಬಾಯಿಗೆ ಹಿಡಿದುಕೊಂಡು ತಲೆ ಆಡಿಸಿದೆ. ಅವಳು ಹಾಳೆಯಲ್ಲಿ ಏನೋ ಬರೆದಳು. ಮನೆತನದಲ್ಲಿ ಏನೂ ಇಲ್ಲವೆಂದರೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡುವುದು ಈಗಲೇ ಬೇಡ, ಸೋಮವಾರ ಇನ್ನೊಮ್ಮೆ ಸ್ಕ್ಯಾನ್ ಮಾಡಿ ವಿಚಾರ ಮಾಡೋಣ ಎಂದಳು. ನಿಮ್ಮ ಅವ್ವನಿಗೆ ಸೂಜಿ ತಪ್ಪಿದ ಸಮಾಧಾನ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಶನಿವಾರ, ಭಾನುವಾರ. ಆ ಎರಡು ದಿನ ಅವನು ನನ್ನನ್ನು ಬಿಡಲಿಲ್ಲ. ಹಿಟ್ಟಿನ ಡಬ್ಬಿ ತೆಗೆದರೆ ಹಿಂದೆ. ಸಕ್ಕರೆ ಡಬ್ಬಿ ತೆಗೆದರೆ ಹಿಂದೆ. ಅವ್ವೀ, ಭಾನುವಾರ ಮಧ್ಯಾಹ್ನ ನೀನು ಅಂಗಳದಲ್ಲಿ ಆಡುತ್ತಿದ್ದೆ, ನಿನ್ನ ಅವ್ವ ಒಳಗೆ ಮಲಗಿದ್ದಳು. ಅಡುಗೆಮನೆಯಲ್ಲಿ ಮುಚ್ಚಳ ಬಿದ್ದ ಸಪ್ಪಳ ಕೇಳಿತು. ಹೋಗಿ ನೋಡಿದರೆ ಎಲ್ಲ ಡಬ್ಬಿಗಳೂ ಮುಚ್ಚಿದ್ದವು. ಅಲ್ಲೇ ನೆಲಕ್ಕೆ ಕುಳಿತೆ. ಅವನಿಗೆ ನನ್ನಿಂದ ಏನು ಬೇಕಾಗಿದೆ ಎಂದು ಅವತ್ತು ಮೊದಲ ಸಲ ವಿಚಾರ ಮಾಡಿದೆ. ರೊಟ್ಟಿ ಅಲ್ಲ. ಹೊಟ್ಟೆಯಲ್ಲಿರುವ ಕೂಸು ಅವನ ಹಾಗೆಯೇ ಇದ್ದರೆ, ಅದಕ್ಕೂ ನಾಳೆ ಯಾರಾದರೂ ಕೊಳವೆಯಿಂದ ಹೊಡೆಯುತ್ತಾರೆ. ನಾಳೆ ಯಾರಾದರೂ ಪ್ರೀತಿಯಿಂದ 'ಬೇಕಾದಷ್ಟು ಐತಿ, ಉಣ್ಣು' ಎನ್ನುತ್ತಾರೆ. ಅದನ್ನು ತಡೆಯಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೆ.

ಸೋಮವಾರ ಸ್ಕ್ಯಾನ್ ಮುಗಿಯಿತು. ಗಂಡೋ ಹೆಣ್ಣೋ ಹೇಳುವುದಿಲ್ಲ ಎಂಬ ಬೋರ್ಡಿನ ಕೆಳಗೆ ಕೂತಿದ್ದೆವು. ಒಳಗೆ ಕರೆದ ಕೂಡಲೇ, ಡಾಕ್ಟರು ಬಾಯಿ ತೆರೆಯುವ ಮೊದಲೇ, ನಾನು ಹೇಳಿದೆ. "ಜ್ವರ ಅಲ್ರಿ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಿಮ್ಮ ಅವ್ವ ತಿರುಗಿ ನೋಡಿದಳು. ಅವಳ ಕಡೆ ನೋಡಿದರೆ ಮುಂದಿನ ಮಾತು ಬರುವುದಿಲ್ಲವೆಂದು ಮೇಜಿನ ಕಾಲನ್ನು ನೋಡುತ್ತ ಎಲ್ಲ ಹೇಳಿದೆ. ಬತ್ತಿಯ ಹಾಲು, ಇಳಿಯದ ಗಂಡಸುತನ, ಸಣ್ಣ ಕೈಗಳು, ಹಿಂಡಿ, ಬೀಗ. ಸೀಗಿ ಹುಣ್ಣಿಮೆಯೊಂದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರು ಒಂದೊಂದೇ ಕೇಳಿ ಕೇಳಿ ಬರೆದುಕೊಂಡಳು. "ಆ ಮಗನ ರಕ್ತ ಈಗ ಸಿಗೂದಿಲ್ಲ, ಹಿಂಗಾಗಿ ಖಾತ್ರಿ ಹೇಳಾಕ ಬರೂದಿಲ್ಲವ್ವಾ," ಎಂದಳು. "ಆದರ ನೀವು ಹೇಳಿದ್ದೆಲ್ಲಾ ಒಂದು ರೋಗಕ್ಕ ಹೊಂದತೈತಿ." ಆಮೇಲೆ ಹಾಳೆಯ ಹಿಂದೆ ಪೆನ್ನಿನಿಂದ ಒಂದು ದಾರ ಬರೆದಳು, ದಾರದ ಮೇಲೆ ಸಣ್ಣ ಸಣ್ಣ ಮಣಿ.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಮೈ ಕಣ್ಣಿಗೆ ಕಾಣದ ಕಣಗಳಿಂದ ಆದದ್ದು. ಹೆಚ್ಚುಕಡಿಮೆ ಒಂದೊಂದು ಕಣದೊಳಗೂ ಒಂದು ದಾರವಿದೆ, ತುಂಡು ತುಂಡಾಗಿ. ತುಂಡುಗಳನ್ನೆಲ್ಲ ಸೇರಿಸಿ ಎಳೆದು ನಿಲ್ಲಿಸಿದರೆ ಅದು ಆಳಿಗಿಂತ ಎತ್ತರ. ಅಷ್ಟುದ್ದದ್ದು ಅಷ್ಟು ಸಣ್ಣ ಜಾಗದಲ್ಲಿ ಇರಬೇಕೆಂದರೆ ಮಣಿಗಳಿಗೆ ಸುತ್ತಿಕೊಂಡು, ಮಡಿಚಿಕೊಂಡು ಇರಬೇಕು. ಮೈ ಹೇಗೆ ಆಗಬೇಕೆಂಬ ಮಾತೆಲ್ಲ ಆ ದಾರದ ಮೇಲಿದೆ. ಸಡಿಲಾಗಿ ಸುತ್ತಿದ ಕಡೆ ಮಾತು ಓದಲು ಬರುತ್ತದೆ. ಬಿಗಿಯಾಗಿ ಸುತ್ತಿ ಗುರುತು ಹಾಕಿದ ಕಡೆ ಮಾತು ಇರುತ್ತದೆ, ಆದರೆ ಯಾರೂ ಓದುವುದಿಲ್ಲ.

"ಕಣ್ಣಿನ ಕಣದಾಗಿನ ದಾರಾನೂ ಎಲುಬಿನ ಕಣದಾಗಿನ ದಾರಾನೂ ಒಂದs," ಎಂದಳು. "ಯಾವುದು ಬಿಚ್ಚೇತಿ, ಯಾವುದು ಮುಚ್ಚೇತಿ ಅನ್ನೂದರ ಮ್ಯಾಲೆ ಇದು ಕಣ್ಣು, ಅದು ಎಲುಬು. ಕೂಸು ಹೊಟ್ಟ್ಯಾಗ ಸಾಸಿವಿಗಿಂತ ಸಣ್ಣದಿದ್ದಾಗ ಹಳೇ ಗುರುತು ಬಹುತೇಕ ಅಳಿಸಿ ಹೊಸಾದಾಗಿ ಹಾಕತೈತಿ. ಮಡಿಕಿ ಅಲ್ಲಿಂದ ಸುರು."

"ಎಲ್ಲಾ ಅಳಸತೈತೇನ್ರಿ?" ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು.

ಅವಳ ಮುಖ ಅರಳಿತು. "ಇಲ್ಲವ್ವಾ, ಅದs ಮುಖ್ಯ ಮಾತು. ಕೆಲವು ಕಡೆ ಅಳಸೂದಿಲ್ಲ. ಅಲ್ಲಿ ದಾರಕ್ಕ ನೆನಪಿರತೈತಿ, ಇದು ಅವ್ವನಿಂದ ಬಂದದ್ದು, ಇದು ಅಪ್ಪನಿಂದ ಬಂದದ್ದು ಅಂತ."

"ನಮ್ಮ ಹತ್ತಿ ಹಂಗ," ಎಂದೆ. "ಹೆಣ್ಣು ಸಾಲು, ಗಂಡು ಸಾಲು. ಅದಲು ಬದಲು ಆದ್ರ ಕಂಪನಿಯವರು ಬೀಜ ತಗೋತಿರಲಿಲ್ಲ."

ಅದು ಹಾಗೆಯೇ ಅಲ್ಲ, ಆದರೆ ಹತ್ತಿರ ಬಂದಿರಿ ಎಂದು ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು. ದಾರದಲ್ಲಿ ಒಂದು ಜಾಗವಿದೆ. ಅಲ್ಲಿ ತಾಯಿಯಿಂದ ಬಂದ ಮಾತು ಎಲ್ಲರಲ್ಲೂ ಮುಚ್ಚಿರುತ್ತದೆ. ತಂದೆಯಿಂದ ಬಂದದ್ದು ಮಾತ್ರ ತೆರೆದಿರುತ್ತದೆ. ಮೈಯ ಬಿಗಿ, ಹಸಿವಿನ ಅಳತೆ, ಗಂಡಸುತನ, ಇವಕ್ಕೆಲ್ಲ ಆ ಒಂದು ತೆರೆದ ಮಾತು ಬೇಕು. "ಇಂಥಾ ಮಕ್ಕಳೊಳಗ ಬಹಳ ಮಂದಿಗೆ ಅಪ್ಪನ ಕಡೆಯ ಆ ತುಣುಕು ಬಿಟ್ಟುಹೋಗಿರತೈತಿ. ಗಂಡಿನದು ಇಲ್ಲ. ಅವ್ವನದು ಐತಿ, ಪೂರ್ತಿ ಐತಿ, ಆದರ ಮುಚ್ಚೇತಿ."

ಗಂಡಿನದು ಇಲ್ಲ.

ಮಕ್ಕಳೇ, ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನನ್ನ ಹೆಬ್ಬೆರಳಿನ ಉಗುರು ನನಗೆ ಕಂಡಿತು. ಹೊಲದ ಹೆಂಗಸರು, ನಮ್ಮ ಅತ್ತೆ, ಬಚ್ಚಲಿನ ಬಿಸಿನೀರು, ಎಲ್ಲ ಒಮ್ಮೆಲೇ ಬಂದು ನಿಂತವು. ಅವರು ಹೇಳಿದ್ದೇ ನಿಜವಾಯಿತು ಎಂದುಕೊಂಡೆ. ನಾನು ತೆಗೆದದ್ದೂ ಅದೇ, ಅವನಲ್ಲಿ ಇಲ್ಲದ್ದೂ ಅದೇ.

"ನಾನs ತಗದೇನ್ರಿ," ಎಂದೆ. ಹೂವಿನ ಮಾತು ಹೇಳಿದೆ. ದಿನಕ್ಕೆ ಎಷ್ಟು, ಎಷ್ಟು ತಿಂಗಳು, ಹೇಗೆ ಗೀರುತ್ತಿದ್ದೆ ಎಂದು ಕೈಮಾಡಿ ತೋರಿಸಿದೆ.

ಡಾಕ್ಟರು ನಗಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡಳು. "ಕ್ರಾಸಿಂಗ್ ಯಾವಾಗ ಮಾಡಿದ್ರಿ? ಎಷ್ಟನೇ ತಿಂಗಳದಾಗ?"

"ಮೂರರಿಂದ ಐದು, ಆರು."

"ಆ ತುಣುಕು ಹೋಗೂದು ನೀವು ಬಸರಾಗೂಕಿಂತ ಮೊದಲವ್ವಾ. ತಂದಿ ಮೈಯೊಳಗ ಬೀಜ ಆಗೂವಾಗ ದಾರ ಹರದು ಕೂಡತೈತಿ, ಆವಾಗ ತಪ್ಪತೈತಿ. ಯಾರಿಗೂ ಗೊತ್ತಾಗೂದಿಲ್ಲ, ಯಾರೂ ಮಾಡೂದಿಲ್ಲ. ನೀವು ಹೊಲಕ್ಕ ಕಾಲಿಡೂದರೊಳಗ ಅದು ಆಗಿ ಹೋಗಿತ್ತು. ನಿಮ್ಮ ಯಜಮಾನರದೂ ತಪ್ಪಲ್ಲ. ಹೂವಿಗೂ ಇದಕ್ಕೂ ಸಂಬಂಧ ಇಲ್ಲ."

ನಲವತ್ತು ವರ್ಷ ಹೊತ್ತದ್ದನ್ನು ಅವಳು ಎರಡು ಮಾತಿನಲ್ಲಿ ಇಳಿಸಿದಳು. ಹಗುರವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಮರುಗಳಿಗೆ ನಾನು ಇನ್ನೊಂದು ಕೇಳಿದೆ. "ಬೀಗ ಹಾಕಿದ್ದು?"

"ಈಗ ನಾವs ಹೇಳತೇವಿ, ಬೀಗ ಹಾಕ್ರಿ ಅಂತ. ಈ ಮಕ್ಕಳಿಗೆ ಹೊಟ್ಟಿ ತುಂಬಿದ್ದು ತಿಳಿಯೂದಿಲ್ಲ. ಬಿಟ್ಟರ ಜೀವಕ್ಕ ಅಪಾಯ."

ಆಗ ಸೀಗಿ ಹುಣ್ಣಿಮೆ ಹೇಳಿದೆ. ಬೀಗ ತೆಗೆದ ಒಂದೇ ಒಂದು ದಿನ.

ಅವಳು ಪೆನ್ನು ಕೆಳಗಿಟ್ಟಳು. ನಿಮ್ಮ ತಪ್ಪಲ್ಲ ಎಂದು ಅವಸರದಲ್ಲಿ ಹೇಳಿಬಿಡಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ. "ನಿಮಗ ಯಾರೂ ಹೇಳಿರಲಿಲ್ಲ," ಎಂದಳು. ಅಷ್ಟೇ.

ನಿಮ್ಮ ಅವ್ವನಿಗೆ ಇದು ಬರುವ ಸಾಧ್ಯತೆ ಬೇರೆ ಯಾರಿಗೂ ಇರುವಷ್ಟೇ, ಬಹಳ ಕಡಿಮೆ, ಎಂದು ಬಿಡಿಸಿ ಹೇಳಿದಳು. ಆದರೂ ಕೂಸು ಸಪ್ಪಗಿರುವುದರಿಂದ ನೀರು ತೆಗೆದು, ಆ ಜಾಗದಲ್ಲಿ ತಂದೆಯ ಗುರುತು, ತಾಯಿಯ ಗುರುತು ಎರಡೂ ಇವೆಯೇ ಎಂದು ನೋಡೋಣ ಎಂದಳು. ನಿಮ್ಮ ಅವ್ವ ಸಹಿ ಹಾಕಿದಳು. ಸೂಜಿ ಹಾಕುವಾಗ ನನ್ನ ಕೈ ಹಿಡಿಯಲಿಲ್ಲ.

ಹೊರಗೆ ಬಂದು ಆಟೋ ಕಾಯುವಾಗ ಮಾತಾಡಿದಳು.

"ಏಳು ವರ್ಷ ಇದ್ದ ಅಣ್ಣ."

"ಹೂಂ."

"ಶುಕ್ರವಾರ ಅವರು ಕೇಳಿದಾಗ ತಲಿ ಆಡಿಸಿದಿ. ನಾ ಅಲ್ಲೇ ಕುಂತಿದ್ದೆ, ನನ್ನ ಹೊಟ್ಟಿ ಮ್ಯಾಲೆ ಕೈ ಇಟಗೊಂಡು. ಎರಡು ದಿನ ಹೆಂಗ ಉಂಡಿ ನೀ, ನನ್ನ ಮನ್ಯಾಗ?"

ನಾನು ಉಂಡಿರಲಿಲ್ಲ. ಅದನ್ನು ಹೇಳಲಿಲ್ಲ.

ವರದಿ ಬರುವ ತನಕ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಚಹಾ ತಗೋ, ಅವ್ವಿಗೆ ಜಡೆ ಹಾಕು, ಇಷ್ಟೇ. ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, "ಎರಡೂ ಅದಾವಂತ," ಎಂದಳು. ಎರಡೂ ಗುರುತು. ನಿಮ್ಮ ಅವ್ವನಿಗೆ ಸಕ್ಕರೆ ಏರಿತ್ತು, ಅದಕ್ಕೇ ನೀರು ಹೆಚ್ಚು. ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿದ್ದರಿಂದ ಒದೆತ ತಿಳಿಯುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಸಪ್ಪಗೆ ಕಂಡದ್ದು ಆ ಹೊತ್ತಿನ ನಿದ್ದೆಯಂತೆ. ಅಪ್ಪೀ, ನೀನು ಒಳಗೆ ಒದೆಯುತ್ತಲೇ ಇದ್ದೆ, ನಮಗೆ ಕೇಳಿಸುತ್ತಿರಲಿಲ್ಲ. ಹುಟ್ಟಿದ ದಿನ ನಿನ್ನ ಬಾಯಿಗೆ ನನ್ನ ಕಿರುಬೆರಳಿಟ್ಟೆ. ನೀನು ಎಳೆದ ಜೋರಿಗೆ ನಾನು ಅತ್ತದ್ದನ್ನು ನೋಡಿ ನರ್ಸು ಬೈದಳು.

ಎಲ್ಲ ಹೇಳಿದ ಮೇಲೆ ಅವನು ಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಿಲ್ಲ. ಡಾಕ್ಟರು ನನ್ನಿಂದ ಹೂವುಗಳನ್ನು ತೆಗೆದುಕೊಂಡಳು. ಕೊಳವೆಯ ಪೆಟ್ಟುಗಳನ್ನೂ ಆ ಹುಣ್ಣಿಮೆಯನ್ನೂ ನನ್ನ ಹತ್ತಿರವೇ ಬಿಟ್ಟಳು. ಒಂದು ಮಾತು ಮಾತ್ರ ಆಗಾಗ ಬರುತ್ತದೆ. ಅವನ ಮೈಯ ಕಣ ಕಣದಲ್ಲೂ ನಾನು ಕೊಟ್ಟದ್ದು ಇತ್ತು, ಪೂರ್ತಿ ಇತ್ತು, ಬಾಯಿ ಮುಚ್ಚಿಕೊಂಡು ಕುಳಿತಿತ್ತು.

ಹೋದ ತಿಂಗಳು ನಿಮ್ಮ ಅವ್ವ ಒಬ್ಬಳೇ ಹಾನಗಲ್ಲಿಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು ಕೇಳಿದಳು: "ತಿನ್ನೂದು ಬಿಟ್ಟು ಮತ್ತೇನು ಮಾಡ್ತಿದ್ದ, ಅಣ್ಣ?"

ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ನೆನೆಸಿಕೊಂಡಿರಲಿಲ್ಲ. ಆಗ ನೆನಪಾಯಿತು. ಹುಣಸೆಬೀಜಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಹಚ್ಚುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಹೊರಗೆ ಯಾವ ಎಮ್ಮೆ ಕೂಗಿದರೂ ಯಾರ ಮನೆಯದೆಂದು ಹೇಳುತ್ತಿದ್ದ. ಅತ್ತೆಯ ಸೊಂಟ ನೋಯುವಾಗ ಮೇಲೆ ನಿಂತು ತುಳಿಯುತ್ತಿದ್ದ, ಅವರು ಹಗುರಾಗಿ ತುಳಿ ಎಂದರೆ ಉಸಿರು ಬಿಗಿಹಿಡಿದು ಹಗುರಾಗುತ್ತಿದ್ದ. ನಿಮ್ಮ ಅವ್ವ ಅದನ್ನು ಕೇಳಿ ನಕ್ಕಳು, ಆಮೇಲೆ ಮುಖ ಮುಚ್ಚಿಕೊಂಡಳು. "ಬರದಿಡು ಅವ್ವಾ," ಎಂದಳು. "ನೀ ಹೋದ ಮ್ಯಾಲೆ ನಾ ಯಾರನ್ನ ಕೇಳಲಿ?"

ಅವನ ಒಂದು ಫೋಟೋ ಇಲ್ಲ. ಆ ಮನೆ ಬಿದ್ದುಹೋಗಿದೆ. ಅವನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳು. ಆದ್ದರಿಂದ, ಅವ್ವೀ, ಅಪ್ಪೀ, ಈ ಹಾಳೆಗಳನ್ನು ಒದ್ದೆಯಾಗದ ಕಡೆ, ಇಲಿ ಹರಿಯದ ಕಡೆ ಇಡಿರಿ. ನಿಮಗೆ ಮಕ್ಕಳಾದಾಗ ಯಾರಾದರೂ ಡಾಕ್ಟರು ಮನೆತನದಲ್ಲಿ ಯಾರಿದ್ದರು ಎಂದು ಕೇಳಿದರೆ, ಇವನಿದ್ದ ಎಂದು ತೆಗೆದು ತೋರಿಸಿರಿ.